"ಕೈ ತಪ್ಪಿ ಗಾಯ": ಕಲಬುರಗಿಯ ಬೇಳೆ ಮಿಲ್ಲಿನ ಒಂದು ಚೈನ್ ಸಾ ಪ್ರಕರಣ

ಅಪಘಾತದ ರಿಜಿಸ್ಟರ್‌ನಲ್ಲಿ ನಾನು ಮೊದಲು ಬರೆದದ್ದು ಒಂದೇ ಸಾಲು: "ಮರ ಕೊಯ್ಯುವಾಗ ಕೈ ತಪ್ಪಿ ಗಾಯ." ಬರೆದು, ಸಹಿ ಹಾಕಿ, ಆಸ್ಪತ್ರೆ ಕಡೆ ಓಡಿದೆ. ಎರಡು ದಿನ ಬಿಟ್ಟು ಆ ಮಷೀನನ್ನು ಮೇಜಿನ ಮೇಲೆ ಬಿಚ್ಚಿಟ್ಟು ನೋಡಿದ ಮೇಲೆ ಅದೇ ಸಾಲಿನ ಮೇಲೆ ಗೀಟು ಎಳೆದೆ. ಯಾಕೆ ಎಳೆದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಕಲಬುರಗಿ ಹೊರವಲಯದ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಸೇಫ್ಟಿ ನೋಡಿಕೊಳ್ಳುತ್ತಿದ್ದೆ. ಹೆಸರಿಗೆ ಸೇಫ್ಟಿ, ಜೊತೆಗೆ ಸ್ಟೋರು, ಹಾಜರಿ, ಬೆಂಕಿ ಆರಿಸುವ ಸಿಲಿಂಡರು ಎಲ್ಲ ನನ್ನ ತಲೆಗೇ. ಹೊರಗಿನವರು ಬಂದು ಮಿಲ್ಲಿನೊಳಗೆ ಏನೇ ಕೆಲಸ ಮಾಡಬೇಕಿದ್ದರೂ ಒಂದು ಪರ್ಮಿಟ್ ಕಾಗದಕ್ಕೆ ನಾನು ಸಹಿ ಹಾಕಬೇಕು. ಆ ಕಾಗದ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಮೇ ತಿಂಗಳು. ನಮ್ಮ ಕಡೆಯ ಮೇ ಗೊತ್ತಲ್ವಾ? ಮಧ್ಯಾಹ್ನ 43 ಡಿಗ್ರಿ ಬಿಸಿಲು, ಸಂಜೆ ಇದ್ದಕ್ಕಿದ್ದಂತೆ ಧೂಳೆಬ್ಬಿಸಿಕೊಂಡು ಗಾಳಿ, ನಾಲ್ಕು ಹನಿ ಮಳೆ, ಗುಡುಗು. ಅಂಥದ್ದೇ ಒಂದು ಸಂಜೆಯ ಗಾಳಿಗೆ ಕಾಂಪೌಂಡಿನ ಒಳಗಿದ್ದ ದೊಡ್ಡ ಬೇವಿನ ಮರ ಬುಡ ಸಮೇತ ಕಿತ್ತು, ಗೋಡೆಯ ಮೇಲೆ ಒರಗಿತು. ಗೋಡೆ ಪಕ್ಕದಲ್ಲೇ ಮಿಲ್ಲಿಗೆ ಬರುವ ಕರೆಂಟ್ ವೈರು. ಲಾರಿ ಒಳಗೆ ಬರುವ ದಾರಿ ಬಂದ್. ಮಾಲೀಕರು ರಾತ್ರಿಯೇ ಫೋನ್ ಮಾಡಿ, "ನಾಳಿ ಮಧ್ಯಾಹ್ನದೊಳಗ ದಾರಿ ಕ್ಲಿಯರ್ ಆಗ್ಬೇಕು ನೋಡ್ರಿ" ಅಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಕಟ್ಟಿಗೆ ಗುತ್ತಿಗೆದಾರ ಮೂವರನ್ನು ಕರೆದುಕೊಂಡು ಟ್ರ್ಯಾಕ್ಟರ್‌ನಲ್ಲಿ ಬಂದ. ಮಷೀನ್ ಹಿಡಿಯುವವನು 24 ವರ್ಷದ ಹುಡುಗ. ಕೊಡಲಿಯಲ್ಲಿ ಐದಾರು ವರ್ಷ ಪಳಗಿದ ಕೈ, ಚೈನ್ ಸಾ ಹಿಡಿದು ಎಂಟು ತಿಂಗಳು. ಉಳಿದಿಬ್ಬರು ಟೊಂಗೆ ಎಳೆಯುವವರು. ಮಷೀನು ಪೇಟೆಯಲ್ಲಿ ಎಲ್ಲ ಕಡೆ ಸಿಗುವ 58 ಸಿಸಿಯ ಪೆಟ್ರೋಲ್ ಗರಗಸ, 22 ಇಂಚಿನ ಬಾರು. ಬಾರು ಅಂದರೆ ಮುಂದಕ್ಕೆ ಚಾಚಿರುವ ಉಕ್ಕಿನ ಪಟ್ಟಿ, ಹಲ್ಲಿನ ಚೈನು ಅದರ ಅಂಚಿನ ಸುತ್ತ ಓಡುತ್ತದೆ.

ನಾನು ಅವತ್ತು ಒಂದು ಕೆಲಸ ಸರಿಯಾಗಿ ಮಾಡಿದೆ. ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿದೆ, ತೆಗೆದಿದ್ದಾರಾ ಅಂತ ಎರಡು ಸಲ ಕೇಳಿದೆ. ಪರ್ಮಿಟ್ಟಿನಲ್ಲಿ ಕರೆಂಟಿಗೆ ಒಂದು ಚೌಕ, ಎತ್ತರದ ಕೆಲಸಕ್ಕೆ ಒಂದು, ವೆಲ್ಡಿಂಗ್ ಬೆಂಕಿಗೆ ಒಂದು. ಗರಗಸಕ್ಕೆ ಚೌಕವೇ ಇರಲಿಲ್ಲ. ಇಲ್ಲದ ಚೌಕಕ್ಕೆ ಯಾರು ಟಿಕ್ ಹಾಕುತ್ತಾರೆ? ನನ್ನದು, ಮಾಲೀಕರದ್ದು, ಗುತ್ತಿಗೆದಾರನದ್ದು, ಎಲ್ಲರ ಕಣ್ಣೂ ಆ ವೈರಿನ ಮೇಲೇ ಇತ್ತು. ಹುಡುಗನ ಕೈಯಲ್ಲಿದ್ದ ಮಷೀನನ್ನು ಯಾರೂ ನೋಡಲಿಲ್ಲ. ಅವನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಅದನ್ನು ನೋಡಿದ್ದೆ. ನೋಡಿಯೂ ಸುಮ್ನೆ ಇದ್ದೆ.

ಏನಾಯಿತು

ಒಂಬತ್ತೂವರೆ ಸುಮಾರಿಗೆ ಸಣ್ಣ ಟೊಂಗೆಗಳೆಲ್ಲ ಮುಗಿದಿದ್ದವು. ಗೋಡೆಗೆ ಒರಗಿದ್ದ ಭಾಗ ಉಳಿದಿತ್ತು. ಹುಡುಗ ಬಿದ್ದ ಬೊಡ್ಡೆಯ ಮೇಲೆ ಹತ್ತಿ ನಿಂತ. ಕೊಯ್ಯಬೇಕಾದ ಟೊಂಗೆ ತೊಡೆಯಷ್ಟು ದಪ್ಪ, ಅವನ ಹೆಗಲಿಗಿಂತ ತುಸು ಮೇಲೆ. ಅದರ ಹಿಂದೆ ಎಲೆಗಳ ದಟ್ಟ ಮರೆ. ಮೇ ತಿಂಗಳ ಬೇವು, ಎಲೆ ಕೇಳಬೇಕಾ?

ಆ ಮರೆಯಲ್ಲಿ ಇನ್ನೊಂದು ಟೊಂಗೆ ಇತ್ತು. ಆಚೆ ಬದಿಯಲ್ಲಿದ್ದ ಹೆಲ್ಪರ್‌ಗೆ ಅದು ಕಾಣುತ್ತಿತ್ತು. ಅವನು ಕೂಗಿದ: "ಏಯ್, ಹಿಂದ ಇನ್ನೊಂದ್ ಟೊಂಗಿ ಅದ ನೋಡೋ!" ಎರಡು ಸಲ ಕೂಗಿದ್ದನ್ನು ಗೇಟಿನ ಹತ್ತಿರ ನಿಂತಿದ್ದ ನಾನೇ ಕೇಳಿದ್ದೇನೆ. ಮಷೀನ್ ಹಿಡಿದವನಿಗೆ ಕೇಳಿಸಲಿಲ್ಲ. ಈ ಗರಗಸಗಳ ಸದ್ದು ಹಿಡಿದವನ ಕಿವಿಯ ಹತ್ತಿರ 100 ಡೆಸಿಬಲ್ ದಾಟುತ್ತದೆ. ಕಾರ್ಖಾನೆ ನಿಯಮದ ಪ್ರಕಾರ 8 ಗಂಟೆ ಕೆಲಸಕ್ಕೆ 90 ಡೆಸಿಬಲ್ ಮಿತಿ. 105 ಆದರೆ ಒಂದೇ ಗಂಟೆ. ಕಿವಿ ಹಾಳಾಗೋದು ನಿಧಾನದ ಮಾತು. ಜೊತೆಗಾರನ ಕೂಗು ಕೇಳದಿರೋದು ಆ ಕ್ಷಣದ ಮಾತು. ಅವರ ನಡುವೆ ಕೈಸನ್ನೆ ಅಂತ ಏನೂ ಗೊತ್ತುಮಾಡಿಕೊಂಡಿರಲಿಲ್ಲ.

ಬಾರಿನ ತುದಿ ಮರೆಯಲ್ಲಿದ್ದ ಟೊಂಗೆಗೆ ತಾಗಿತು. ಮಷೀನು ಎಗರಿತು. ಕಟ್ಟಿಗೆ ಕೊಯ್ಯುವವರು ಇದಕ್ಕೆ "ಮಷೀನ್ ಒದೀತು" ಅನ್ನುತ್ತಾರೆ. ಕಿಕ್‌ಬ್ಯಾಕ್ ಅಂತ ಪುಸ್ತಕದಲ್ಲಿರುವುದೂ ಇದೇ. ಬಾರು ಮೇಲಕ್ಕೂ ಹಿಂದಕ್ಕೂ ತಿರುಗಿ ಅವನ ಎಡ ಹೆಗಲನ್ನು ಸೀಳಿತು. ಎಡಗೈ ಹಿಡಿ ಬಿಟ್ಟಿತು. ಮಷೀನು ಬಲಗೈಯಲ್ಲಿ ಜೋತು ಕೆಳಗೆ ಬಂತು. ರೇಸ್ ಬಿಟ್ಟಿದ್ದರೂ ಚೈನು ತಿರುಗುತ್ತಲೇ ಇತ್ತು. ಎಡ ಮೊಣಕಾಲಿನ ಮೇಲೆ, ತೊಡೆಗೆ ಬಿತ್ತು. ಹೆಗಲಿನದ್ದು ಉದ್ದ ಗಾಯ, ತೊಡೆಯದ್ದು ಆಳ ಗಾಯ. ಜೀವಕ್ಕೆ ಅಪಾಯ ತಂದದ್ದು ತೊಡೆಯ ಗಾಯ.

ಆ ಇಪ್ಪತ್ತೈದು ನಿಮಿಷ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಲ್ಪರ್ ಓಡಿದ್ದು ಅರಿಶಿನ ತರಲಿಕ್ಕೆ. ನಾನು ಓಡಿದ್ದು ಫಸ್ಟ್ ಏಡ್ ಡಬ್ಬಿ ತರಲಿಕ್ಕೆ. ಡಬ್ಬಿಯಲ್ಲಿ ಬೆರಳಿಗೆ ಹಾಕುವ ಪಟ್ಟಿ, ಟಿಂಚರ್, ಹತ್ತಿ, ಅವಧಿ ಮುಗಿದ ಒಂದು ಮುಲಾಮು. ಅಷ್ಟೇ.

ಅಷ್ಟರಲ್ಲಿ ಬೇಳೆ ಹಸನು ಮಾಡುವ ಹೆಣ್ಣಾಳೊಬ್ಬರು ಬಂದು ಹುಡುಗನನ್ನು ನೆಲಕ್ಕೆ ಮಲಗಿಸಿದ್ದರು. ಒಗೆದು ಒಣಹಾಕಿದ್ದ ಒಂದು ಬಿಳಿ ಬಟ್ಟೆಯನ್ನು ಮಡಚಿ, ತೊಡೆಯ ಗಾಯದ ಮೇಲಿಟ್ಟು, ಎರಡೂ ಅಂಗೈಯಿಂದ ಮೈಭಾರ ಹಾಕಿ ಒತ್ತಿ ಹಿಡಿದಿದ್ದರು. "ತಮ್ಮಾ, ನನ್ ಮಾರಿ ನೋಡು, ಮಾರಿ ನೋಡು" ಅಂತ ಅವನನ್ನು ಮಾತಾಡಿಸುತ್ತಿದ್ದರು. ಅರಿಶಿನ ತಂದವನಿಗೆ, "ಅದನ್ನ ಆಚಿ ಇಡೋ" ಅಂತ ಗದರಿದರು. ಬಟ್ಟೆ ನೆನೆದಾಗ ತೆಗೆದು ನೋಡಲಿಲ್ಲ, ಅದರ ಮೇಲೆಯೇ ಇನ್ನೊಂದು ಬಟ್ಟೆ ಇಟ್ಟು ಒತ್ತಿದರು. ಇದನ್ನೆಲ್ಲ ಅವರಿಗೆ ಯಾರು ಕಲಿಸಿದ್ದರು ಅಂತ ಆಮೇಲೆ ಕೇಳಿದೆ. "ಎತ್ತು ಹಾಯ್ದು ನಮ್ಮಪ್ಪನ ಕಾಲ್ ಸೀಳಿತ್ರಿ, ಆಗ ನಮ್ಮವ್ವ ಹಿಂಗ ಒತ್ತಿ ಹಿಡ್ದಿದ್ಲು" ಅಂದರು. ತರಬೇತಿ ಸರ್ಟಿಫಿಕೇಟ್ ಇದ್ದವನು ನಾನು. ಕೆಲಸ ಆದದ್ದು ಅವರ ಕೈಯಿಂದ.

ರಕ್ತ ಹರಿಯುವಾಗ ಮಾಡಬೇಕಾದದ್ದು ಇಷ್ಟೇ. ನೇರ ಗಾಯದ ಮೇಲೆ ಒತ್ತಡ, ಬಿಡದೆ. ಐದು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಕಟ್ಟಿಕೊಳ್ಳುತ್ತಿದ್ದ ರಕ್ತ ಮತ್ತೆ ಬಿಚ್ಚಿಕೊಳ್ಳುತ್ತದೆ. ಒತ್ತಿದರೂ ಚಿಮ್ಮುತ್ತಿದ್ದರೆ ಗಾಯಕ್ಕಿಂತ ಮೇಲೆ ಅಗಲ ಪಟ್ಟಿಯಿಂದ ಬಿಗಿದು, ಬಿಗಿದ ಸಮಯ ಬರೆದಿಡಬೇಕು. ಅವತ್ತು ಅಲ್ಲಿಯ ತನಕ ಹೋಗಲಿಲ್ಲ. 108ಕ್ಕೆ ಫೋನ್ ಮಾಡಿದ್ದೆವು, ಆದರೆ ಮಾಲೀಕರ ಕಾರು ಗೇಟಿನಲ್ಲೇ ಇತ್ತು, ಅದರಲ್ಲೇ ಹೊರಟೆವು. ಆ ಅಕ್ಕ ಹಿಂದಿನ ಸೀಟಿನಲ್ಲಿ ಒತ್ತಿ ಹಿಡಿದ ಕೈ ಬಿಡದೆ ಆಸ್ಪತ್ರೆ ತನಕ ಬಂದರು.

ಹುಡುಗ ಬದುಕಿದ. ತೊಡೆಯ ಸ್ನಾಯು ಹೊಲಿಯಬೇಕಾಯಿತು. ಮೂರು ತಿಂಗಳು ಮನೆ. ಆಸ್ಪತ್ರೆ ಖರ್ಚು ಮಾಲೀಕರು ಮತ್ತು ಗುತ್ತಿಗೆದಾರ ಹಂಚಿಕೊಂಡರು. ಅದರ ಹಗ್ಗಜಗ್ಗಾಟ ಇಲ್ಲಿ ಬೇಡ.

ಮಷೀನು ಬಿಚ್ಚಿದಾಗ

ಎರಡನೇ ದಿನ ನಮ್ಮ ಮಿಲ್ಲಿನ ಫಿಟ್ಟರ್ ಮತ್ತು ನಾನು ಕೂತು ಗರಗಸ ಬಿಚ್ಚಿದೆವು. ಗುತ್ತಿಗೆದಾರನೂ ಪಕ್ಕದಲ್ಲಿದ್ದ. ಮೊದಲು ಕಣ್ಣಿಗೆ ಬಿದ್ದದ್ದು ಇಲ್ಲದ ಒಂದು ಭಾಗ. ಮುಂದಿನ ಹಿಡಿಕೆಯ ಎದುರಿಗೆ ಅಂಗೈಯಗಲದ ಪ್ಲಾಸ್ಟಿಕ್ ಗಾರ್ಡ್ ಇರಬೇಕು. ಅದು ಇರಲಿಲ್ಲ. ಅದರ ಬುಡದಲ್ಲಿದ್ದ ಬ್ರೇಕಿನ ಕೊಂಡಿಯನ್ನು ಬ್ರೇಕ್ ಹಿಡಿಯದ ಹಾಗೆ ಬೈಂಡಿಂಗ್ ವೈರಿನಿಂದ ಕಟ್ಟಿಟ್ಟಿದ್ದರು.

ಆ ಗಾರ್ಡ್ ಸುಮ್ನೆ ಕೈಗೆ ಚಕ್ಕೆ ಬಡಿಯದಿರಲಿ ಅಂತ ಇರುವುದಲ್ಲ. ಅದೇ ಚೈನಿನ ಬ್ರೇಕು. ಮಷೀನು ಎಗರಿದಾಗ ಎಡಗೈಯ ಮಣಿಕಟ್ಟು ಅದಕ್ಕೆ ಬಡಿದರೆ ಒಳಗಿನ ಉಕ್ಕಿನ ಪಟ್ಟಿ, ಚೈನನ್ನು ತಿರುಗಿಸುವ ಕ್ಲಚ್ ಡ್ರಮ್ಮನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಚೈನು ಅಲ್ಲೇ ನಿಲ್ಲುತ್ತದೆ. ಕೈ ಬಡಿಯದಿದ್ದರೂ, ಜೋರಾಗಿ ಎಗರಿದ ರಭಸಕ್ಕೆ ಗಾರ್ಡ್ ತನ್ನದೇ ತೂಕದಿಂದ ಮುಂದಕ್ಕೆ ಬಿದ್ದು ಬ್ರೇಕ್ ಹಾಕುತ್ತದೆ. ಅಂದರೆ ಗಾರ್ಡ್ ಹೋದರೆ ಎರಡೂ ಬ್ರೇಕ್ ಹೋದ ಹಾಗೆ.

ಗುತ್ತಿಗೆದಾರನ ಮಾತಿನ ಪ್ರಕಾರ, ಮೂರು ವಾರ ಮೊದಲು ಜೇವರ್ಗಿ ಕಡೆ ಕೆಲಸಕ್ಕೆ ಹೋದಾಗ ಮಷೀನು ಟ್ರಾಲಿಯಿಂದ ಬಿದ್ದು ಗಾರ್ಡ್ ಮುರಿದಿತ್ತು. ಬಿಡಿಭಾಗ ಹೊರಗಿಂದ ತರಿಸಬೇಕು, ಹತ್ತು ಹದಿನೈದು ದಿನ ಅಂದಿದ್ದರು ಅಂಗಡಿಯವರು. ಗಾಳಿಗೆ ಮರ ಬೀಳುವ ಸೀಸನ್, ದಿನಾ ಕೆಲಸ. "ಬ್ರೇಕ್ ಇಲ್ಲದ ಸೈಕಲ್ ಹೊಡ್ದಿಲ್ಲೇನ್ರಿ ಸರ್ ನಾವು?" ಅಂತ ನನ್ನನ್ನೇ ಕೇಳಿದ. ಉತ್ತರ ಹೇಳಲು ಒಂದು ಕ್ಷಣ ತಡವರಿಸಿದೆ. ನಾನೂ ಹೊಡೆದಿದ್ದೆ. ಆದರೆ ಸೈಕಲ್ಲನ್ನು ಕಾಲು ನೆಲಕ್ಕೆ ಒತ್ತಿಯಾದರೂ ನಿಲ್ಲಿಸಬಹುದು. ಈ ಚೈನು ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಗಂಟೆಗೆ 72 ಕಿಲೋಮೀಟರ್. ನಮ್ಮ ಹುಮನಾಬಾದ್ ಬಸ್ಸು ಖಾಲಿ ರಸ್ತೆಯಲ್ಲಿ ಹೋಗುವ ವೇಗ.

ಬ್ರೇಕ್ ಇದ್ದಿದ್ದರೆ ಹೆಗಲಿನ ಗಾಯ ಆಗುತ್ತಲೇ ಇರಲಿಲ್ಲ ಅಂತ ನಾನು ಹೇಳಲಾರೆ. ಬ್ರೇಕ್ ಎಗರುವುದನ್ನು ತಡೆಯುವುದಿಲ್ಲ, ಚೈನನ್ನು ಮಾತ್ರ ನಿಲ್ಲಿಸುತ್ತದೆ. ತೊಡೆಯ ಗಾಯ ಮಾತ್ರ ಆಗುತ್ತಿರಲಿಲ್ಲ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಕೆಳಗೆ ಬೀಳುವಷ್ಟರಲ್ಲಿ ಚೈನು ನಿಂತಿರುತ್ತಿತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ರೇಸ್ ಬಿಟ್ಟ ಮೇಲೂ ಚೈನು ಯಾಕೆ ತಿರುಗುತ್ತಿತ್ತು? ಫಿಟ್ಟರ್ ಚಾಲು ಮಾಡಿ ತೋರಿಸಿದ. ಮಷೀನು ಪದೇ ಪದೇ ಬಂದ್ ಬೀಳುತ್ತದೆ ಅಂತ ಐಡ್ಲಿಂಗ್ ಸ್ಕ್ರೂ ಬಿಗಿದು, ರೇಸ್ ಕೊಡದಿದ್ದಾಗಿನ ಇಂಜಿನ್ ಓಟ ಏರಿಸಿಟ್ಟಿದ್ದರು. ಅಷ್ಟು ಓಟಕ್ಕೆ ಕ್ಲಚ್ ಹಿಡಿದು ಚೈನು ಸದಾ ತಿರುಗುತ್ತಲೇ ಇರುತ್ತದೆ. ಸರಿಯಾದ ಮಷೀನಿನಲ್ಲಿ ಬೆರಳು ತೆಗೆದರೆ ಇಂಜಿನ್ ಗುರ್ರೆನ್ನಬಹುದು, ಚೈನು ಅಲುಗಬಾರದು.

ಚೈನಿನ ಹಲ್ಲು ನೋಡಿದಾಗ ಫಿಟ್ಟರ್ "ಇದನ್ನ ಯಾರ್ ತಿಕ್ಯಾರ್ರಿ?" ಅಂದ. ಕೊಯ್ಯುವ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ. ಹಲ್ಲು ಒಂದು ಸಲಕ್ಕೆ ಎಷ್ಟು ಕಚ್ಚಬೇಕು ಅನ್ನೋದನ್ನು ಅದು ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗಿರಬೇಕು. ಹಲ್ಲು ಸವೆದ ಹಾಗೆ ಉಬ್ಬನ್ನೂ ಚಪ್ಪಟೆ ಅರದಿಂದ ಒಂದಿಷ್ಟು ತಿಕ್ಕಬೇಕು, ಆದರೆ ಗೇಜ್ ಇಟ್ಟು ಅಳೆದು. ಇಲ್ಲಿ ಜಾಸ್ತಿ ಕಚ್ಚಲಿ, ಬೇಗ ಕೆಲಸ ಆಗಲಿ ಅಂತ ಕಣ್ಣಂದಾಜಿನಲ್ಲಿ ತಿಕ್ಕಿ ಉಬ್ಬನ್ನು ನೆಲಸಮ ಮಾಡಿದ್ದರು. ಅಂಥ ಚೈನು ಗಬಕ್ಕನೆ ಕಚ್ಚುತ್ತದೆ, ಒದೆಯುವುದೂ ಅಷ್ಟೇ ಜೋರು. ಮಷೀನಿನ ಜೊತೆ ಬಂದಿದ್ದ ಚೈನಿನಲ್ಲಿ ಒದೆತ ತಗ್ಗಿಸಲು ಹಲ್ಲುಗಳ ನಡುವೆ ಎತ್ತರದ ಕೊಂಡಿಗಳಿದ್ದವಂತೆ. ಅದು ತುಂಡಾದ ಮೇಲೆ ರೋಲಿನಿಂದ ಅಳತೆಗೆ ಕತ್ತರಿಸಿ ಹಾಕಿಸಿದ ಈ ಚೈನಿನಲ್ಲಿ ಅವು ಇರಲಿಲ್ಲ.

ಮೂರು ವಾರದಲ್ಲಿ ಒಂದೊಂದಾಗಿ ಹೋದದ್ದು ಇಷ್ಟು. ಒಂದೊಂದಕ್ಕೂ ಒಂದೊಂದು ಕಾರಣ, ಎಲ್ಲವೂ ಆಯಾ ದಿನಕ್ಕೆ ಸರಿ ಅನಿಸುವಂಥವೇ. ಕೈ ಎಲ್ಲಿ ತಪ್ಪಿತು?

ಹುಡುಗ ನಿಂತದ್ದು, ಹಿಡಿದದ್ದು

ಕೈಯದ್ದು ಏನೂ ಪಾಲಿಲ್ಲ ಅಂತಲ್ಲ. ಆಸ್ಪತ್ರೆಯಲ್ಲಿ ಅವನನ್ನು ಕೇಳಿದಾಗ ಗಾಳಿಯಲ್ಲೇ ಹಿಡಿದು ತೋರಿಸಿದ. ಎಡಗೈ ಹೆಬ್ಬೆರಳು ಹಿಡಿಕೆಯ ಸುತ್ತ ಕೆಳಗಿಂದ ಬರದೆ, ಉಳಿದ ಬೆರಳುಗಳ ಜೊತೆ ಮೇಲೆಯೇ ಇತ್ತು. ಕೊಡಲಿ ಕಾವು ಹಿಡಿದು ಬಂದ ರೂಢಿ ಇರಬಹುದು. ಹಾಗೆ ಹಿಡಿದರೆ ಎಗರಿದಾಗ ಬೆರಳು ಬಿಚ್ಚಿಕೊಳ್ಳುತ್ತದೆ.

ತುದಿ ಯಾಕೆ ಒದೆಯುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. "ಒದಿತದ ಅಂತ ಗೊತ್ತಿತ್ರಿ, ಯಾವಾಗ ಒದಿತದ ಅಂತ ಗೊತ್ತಿರ್ಲಿಲ್ಲ" ಅಂದ. ಮಂಚದ ಪಕ್ಕ ಕೂತು ಔಷಧದ ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದೆ. ಚೈನು ಬಾರಿನ ಮೇಲಂಚಿನಲ್ಲಿ ನಮ್ಮಿಂದ ಮುಂದಕ್ಕೆ ಓಡುತ್ತದೆ, ತುದಿಯಲ್ಲಿ ಕೆಳಕ್ಕೆ ತಿರುಗುತ್ತದೆ, ಕೆಳಗಂಚಿನಲ್ಲಿ ನಮ್ಮ ಕಡೆ ಬರುತ್ತದೆ. ಬಾರು ಬಲಕ್ಕೆ ಚಾಚಿದೆ, ಅದರ ದುಂಡು ತುದಿ ಒಂದು ಗಡಿಯಾರ ಅಂದುಕೊಳ್ಳಿ. 12ರಿಂದ 3ರವರೆಗಿನ ತುಂಡು ಏನಿದೆ, ಅದು ಯಾವುದಕ್ಕೂ ತಾಗಬಾರದು. ಅಲ್ಲಿ ಹಲ್ಲು ಸಿಕ್ಕಿಕೊಂಡರೆ ಕಟ್ಟಿಗೆ ಅಲುಗುವುದಿಲ್ಲ, ಹಾಗಾಗಿ ಬಾರೇ ಮೇಲಕ್ಕೂ ಹಿಂದಕ್ಕೂ ತಿರುಗುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದಿರುತ್ತದೆ. ಹುಷಾರಾಗಿದ್ದು ತಪ್ಪಿಸಿಕೊಳ್ಳುತ್ತೇನೆ ಅನ್ನೋದು ಆಗದ ಮಾತು.

ಹುಡುಗ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಂದ್ರ ಉದ್ದ ಬಾರ್ ಇದ್ದಷ್ಟೂ ತುದಿ ನಮ್ ಕಣ್ಣಿಗಿ ದೂರ ಅಲ್ರಿ?" ಅಂದ. ನಾನು ಹೇಳುವುದಕ್ಕಿಂತ ಮೊದಲೇ ಹಿಡಿದಿದ್ದ. 22 ಇಂಚಿನ ಬಾರು ದಪ್ಪ ಬೊಡ್ಡೆಗೆ. ತೊಡೆ ಗಾತ್ರದ ಟೊಂಗೆ ಕೊಯ್ಯುವಾಗ ಅದರ ಅರ್ಧಕ್ಕಿಂತ ಜಾಸ್ತಿ ಆಚೆ ಬದಿಗೆ ಚಾಚಿಕೊಂಡಿರುತ್ತದೆ, ಎಲೆ ಮರೆಯಲ್ಲಿ. ಟೊಂಗೆ ಕೆಲಸಕ್ಕೆ 14 ಅಥವಾ 16 ಇಂಚಿನ ಸಣ್ಣ ಮಷೀನು ಸಾಕು.

ಹೆಗಲಿನ ಮೇಲೆ ಎತ್ತಿ ಕೊಯ್ದದ್ದು ದೊಡ್ಡ ತಪ್ಪು. ಅಷ್ಟು ಎತ್ತರದಲ್ಲಿ ಕೈಗೆ ಹಿಡಿತವೂ ಇಲ್ಲ, ಎಗರಿದರೆ ನೇರ ಮುಖ ಕತ್ತಿಗೇ ಬರುತ್ತದೆ. ಬೊಡ್ಡೆ ಮೇಲೆ ನಿಂತದ್ದು ಅದಕ್ಕಿಂತ ಕೆಟ್ಟದ್ದು. ನೆಲದ ಮೇಲೆ, ಬಾರಿನ ನೇರಕ್ಕೆ ನಿಲ್ಲದೆ ತುಸು ಎಡಕ್ಕೆ ಸರಿದು ನಿಂತು, ಎಲೆ ಕಡ್ಡಿಯನ್ನು ಮೊದಲು ಕೈಗರಗಸ, ಕೊಡಲಿಯಿಂದ ಬಿಡಿಸಿ, ಹಿಂದೆ ಏನಿದೆ ಅಂತ ಕಂಡ ಮೇಲೆ ಮಷೀನು ಹಚ್ಚಬೇಕಿತ್ತು. ನೆಲದಿಂದ ಎಟುಕದ್ದಕ್ಕೆ ಉದ್ದ ಕೋಲಿನ ಗರಗಸ ಇದೆ. ಗೋಡೆಗೆ ಒರಗಿ ಬಿಲ್ಲಿನಂತೆ ಬಾಗಿದ ಟೊಂಗೆಗೆ ಇನ್ನೊಂದು ಎಚ್ಚರ ಬೇಕು. ಒಳಗೆ ಅಮುಕಿಕೊಂಡಿರುವ ಬದಿಯನ್ನು ಮೊದಲು ಸ್ವಲ್ಪ ಕೊಯ್ದು, ಆಮೇಲೆ ಎಳೆದುಕೊಂಡಿರುವ ಬದಿಯಿಂದ ಬರಬೇಕು. ತಿರುವುಮುರುವು ಮಾಡಿದರೆ ಟೊಂಗೆ ಸಿಡಿದು ಬಡಿಯುತ್ತದೆ. ಅವತ್ತು ಅದೃಷ್ಟ, ಅದೊಂದು ಆಗಲಿಲ್ಲ.

ಬಟ್ಟೆಯ ಮಾತು

ಚೈನ್ ಸಾ ಕೆಲಸಕ್ಕೆ ಬೇರೆಯೇ ಪ್ಯಾಂಟು ಇದೆ. ಒಳಗೆ ಉದ್ದ ನೂಲಿನ ಹಲವು ಪದರ. ಚೈನು ತಾಗಿದರೆ ಹೊರ ಬಟ್ಟೆ ಹರಿದು, ನೂಲು ಕಿತ್ತುಕೊಂಡು ಬಂದು ಚೈನು ಓಡಿಸುವ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್) ಸುತ್ತಿ, ಚೈನನ್ನೇ ಸಿಕ್ಕಿಸಿ ನಿಲ್ಲಿಸುತ್ತದೆ. ಐಎಸ್‌ಒ 11393 ಅನ್ನುವ ಅಳತೆಗೋಲಿನಲ್ಲಿ ಇದಕ್ಕೆ ದರ್ಜೆಗಳಿವೆ. ಒಂದನೇ ದರ್ಜೆಯದ್ದನ್ನು ಸೆಕೆಂಡಿಗೆ 20 ಮೀಟರ್ ಚೈನಿಗೆ, ಎರಡನೆಯದನ್ನು 24ಕ್ಕೆ, ಮೂರನೆಯದನ್ನು 28ಕ್ಕೆ ಪರೀಕ್ಷೆ ಮಾಡಿರುತ್ತಾರೆ.

ಗುತ್ತಿಗೆದಾರನಿಗೆ ಇದನ್ನು ಹೇಳಿದಾಗ ಅವನು ನಕ್ಕ. "ಸರ್, ಈ ಬಿಸಲಾಗ ಅದನ್ನ ಹಾಕ್ಕೊಂಡ್ರ ಚೈನ್ ಬಡಿಯೋಕಿಂತ ಮೊದ್ಲ ಬಿಸಲ ಬಡಿತದ." ಅವನ ಮಾತಲ್ಲಿ ಹುರುಳಿದೆ. 43 ಡಿಗ್ರಿಯಲ್ಲಿ ಅಷ್ಟು ಪದರ ಹೊತ್ತು ದಿನವಿಡೀ ನಿಂತರೆ ತಲೆ ತಿರುಗುತ್ತದೆ. ತಲೆ ತಿರುಗಿದವನ ಕೈಯಲ್ಲಿ ಗರಗಸ ಇನ್ನೂ ಅಪಾಯ. ನಾವು ಕೊನೆಗೆ ಒಪ್ಪಿಕೊಂಡದ್ದು ಹಿಂದೆ ತೆರೆದಿರುವ, ಕಾಲಿಗೆ ಮುಂದಿನಿಂದ ಕಟ್ಟಿಕೊಳ್ಳುವ ಬಗೆ. ಗಾಳಿ ಆಡುತ್ತದೆ. ಜೊತೆಗೆ ಬೇಸಿಗೆಯಲ್ಲಿ ಮಷೀನ್ ಕೆಲಸ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ, ಅದೂ ನಡುನಡುವೆ ನೀರಿಗೆ ನಿಲ್ಲಿಸಿ. ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗೆ ಮಫ್, ಮುಂದೆ ಉಕ್ಕಿನ ಟೋಪಿ ಇರುವ ಬೂಟು ಇವಕ್ಕೆ ಯಾರೂ ತಕರಾರು ಮಾಡಲಿಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್, ಬೂಟು ಕಲಬುರಗಿ ಪೇಟೆಯಲ್ಲೇ ಸಿಗುತ್ತವೆ.

ಗೇಟಿನಲ್ಲಿ ಏನು ಬದಲಾಯಿತು

ಪರ್ಮಿಟ್ ಕಾಗದಕ್ಕೆ ಗರಗಸದ ಚೌಕ ಬಂತು. ಆದರೆ ಚೌಕದ ಮೇಲೆ ನನಗೆ ಅಷ್ಟು ನಂಬಿಕೆ ಉಳಿದಿಲ್ಲ. ಟಿಕ್ ಹಾಕುವ ಕೈ ಎಂಥದ್ದು ಅಂತ ನನಗೇ ಗೊತ್ತು. ಹಾಗಾಗಿ ಮಷೀನನ್ನೇ ಗೇಟಿನಲ್ಲಿ ಚಾಲು ಮಾಡಿಸಲು ಶುರು ಮಾಡಿದೆವು. ವಾಚ್‌ಮನ್ ಕಾಕಾನಿಗೆ ಎರಡು ಪರೀಕ್ಷೆ ಕಲಿಸಿದೆ. ಮಷೀನನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿ, ಹಿಂದಿನ ಹಿಡಿಕೆಯನ್ನು ಬೂಟಿನಿಂದ ತುಳಿದು ಚಾಲು ಮಾಡಬೇಕು. ಗಾಳಿಯಲ್ಲಿ ಎತ್ತಿ ಹಗ್ಗ ಎಳೆದರೆ ಅಲ್ಲೇ ವಾಪಸ್. ಆಮೇಲೆ ಬ್ರೇಕ್ ಬಿಟ್ಟು, ರೇಸ್ ಕೊಡದೆ ಹಿಡಿದಾಗ ಚೈನು ಅಲುಗಬಾರದು. ಕೊನೆಗೆ ಒಂದು ಕ್ಷಣ ಪೂರ್ತಿ ರೇಸ್ ಕೊಟ್ಟು, ಹಿಡಿಕೆ ಬಿಡದೆ ಎಡ ಮಣಿಕಟ್ಟಿನಿಂದ ಗಾರ್ಡ್ ಮುಂದಕ್ಕೆ ತಳ್ಳಿದರೆ ಚೈನು ತಕ್ಷಣ ನಿಲ್ಲಬೇಕು. ಎಲ್ಲ ಸೇರಿ ಎರಡು ನಿಮಿಷ.

ಕಾಕಾ ಓದು ಬರಹ ಅಷ್ಟಾಗಿ ಬಲ್ಲವರಲ್ಲ, ಆದರೆ ಬಿಡುವ ಪೈಕಿಯೂ ಅಲ್ಲ. ಆ ಮಳೆಗಾಲದಲ್ಲಿ ಎರಡು ಗುಂಪನ್ನು ವಾಪಸ್ ಕಳಿಸಿದರು. ಒಂದು ಗುಂಪಿನವನು ನನಗೆ ಫೋನ್ ಮಾಡಿ, "ಏನ್ರಿ ಸರ್, ವಾಚ್‌ಮನ್ ಮುದುಕ ನಮ್ ಮಷೀನ್ ಚೆಕ್ ಮಾಡ್ತಾನ!" ಅಂತ ಜಗಳ ತೆಗೆದ. ಮರುದಿನ ಐಡ್ಲಿಂಗ್ ಸರಿ ಮಾಡಿಸಿಕೊಂಡು ಬಂದ.

ಫಸ್ಟ್ ಏಡ್ ಡಬ್ಬಿಯಲ್ಲಿ ಈಗ ಅಗಲ ಪಟ್ಟಿ, ದಪ್ಪ ಪ್ಯಾಡು ಇವೆ. ಡಬ್ಬಿಯ ಕೀಲಿ ಆ ಅಕ್ಕನ ಹತ್ತಿರ ಇದೆ.

ಹುಡುಗ ದೀಪಾವಳಿ ಹೊತ್ತಿಗೆ ಕೆಲಸಕ್ಕೆ ಮರಳಿದ. ಎಡಗೈ ಹೆಗಲಿಗಿಂತ ಮೇಲೆ ಪೂರ್ತಿ ಏಳುವುದಿಲ್ಲ, ಹಾಗಾಗಿ ಮಷೀನ್ ಹಿಡಿಯುವುದಿಲ್ಲ. ಗುತ್ತಿಗೆದಾರ ಅವನಿಗೆ ಚೈನುಗಳಿಗೆ ಅರ ಹಾಕುವ ಕೆಲಸ ಕೊಟ್ಟಿದ್ದಾನೆ. ಒಂದು ದಿನ ಕಟ್ಟಿಗೆ ಅಡ್ಡೆಗೆ ಹೋದಾಗ ಬೇವಿನ ಬೊಡ್ಡೆ ಮೇಲೆ ಕೂತು ಗುಂಡು ಅರ ಆಡಿಸುತ್ತಿದ್ದ. ಅಂಗಿ ಜೇಬಿನಲ್ಲಿ ಉಬ್ಬು ಅಳೆಯುವ ಗೇಜು. ಗುತ್ತಿಗೆದಾರ ಬಂದು ಚೈನಿನ ಮೇಲೆ ಹೆಬ್ಬೆರಳು ಆಡಿಸಿ, "ಇನ್ನೊಂದ್ ಎರಡ್ ಸಲ ತಿಕ್ಕೋ, ಕಚ್ಚವಲ್ದು" ಅಂದ.

ಹುಡುಗ ಗೇಜನ್ನು ಹಲ್ಲಿನ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡಿದ. "ಇಷ್ಟ ಸಾಕ್ರಿ" ಅಂದು ಮುಂದಿನ ಹಲ್ಲಿಗೆ ಹೋದ.